ಸೋಮವಾರ ಗಾಡಿ ಕಟ್ಟುವುದಿಲ್ಲ

ನಮ್ಮೂರಿನ ಶಾಲೆಯವರು ಹೊರತಂದ ನೆನಪಿನ ಸಂಚಿಕೆಯೊಂದನ್ನು ಮೊಮ್ಮಗಳು ತಂದುಕೊಟ್ಟಳು. ಅದರ ಒಂದು ಪುಟದಲ್ಲಿ ಎರಡು ಮಾತುಗಳಿವೆ. ಹಿಂದಿನ ಕಾಲದಲ್ಲಿ ನಮ್ಮೂರಿನಲ್ಲಿ ನೆಲೆಯಿಲ್ಲದ ಮಕ್ಕಳೆಂಬುವರೇ ಇರಲಿಲ್ಲ, ತಬ್ಬಲಿಯಾದ ಹುಡುಗಿಯೊಬ್ಬಳನ್ನು ಏಳು ಮನೆಯವರು ಸರದಿಯ ಮೇಲೆ ಸಾಕಿದರು ಎಂಬುದು ಮೊದಲನೆಯದು. ಕೊನೆಗೆ ಊರ ಹಿರಿಯರು ಅವಳ ತಾಯಿಯ ರಾಗಿಕಲ್ಲನ್ನು ಗಾಡಿಯಲ್ಲಿ ತರಿಸಿ ಅವಳಿಗೊಂದು ನೆಲೆ ಮಾಡಿಕೊಟ್ಟರು ಎಂಬುದು ಎರಡನೆಯದು. ಬರೆದವರು ನನಗಿಂತ ಮೂವತ್ತು ವರ್ಷ ಚಿಕ್ಕವರು. ಅವರು ಕೇಳಿದ್ದನ್ನು ಬರೆದಿದ್ದಾರೆ. ನಾನು ಕಂಡದ್ದನ್ನು ಬರೆಯುತ್ತೇನೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು, ಅಣ್ಣನ ಪುಸ್ತಕಗಳನ್ನು ಕದ್ದು ಓದಿ ಅಕ್ಷರ ಉಳಿಸಿಕೊಂಡವಳು ನಾನು. ಅಚ್ಚಾಗಿದೆ ಎಂಬ ಕಾರಣಕ್ಕೇ ಒಂದು ಮಾತನ್ನು ನಂಬುವ ಅಭ್ಯಾಸ ನನಗೆ ಆಗಲಿಲ್ಲ.

ನಮ್ಮದು ಹುಣಸೂರು ತಾಲ್ಲೂಕು. ಕಟ್ಟೆಮಳಲವಾಡಿಗೆ ಬೆಳಗಿನ ತಂಪಿನಲ್ಲಿ ನಡೆದು ಹೋಗಿ ಬರಬಹುದಾದಷ್ಟು ದೂರದ ಊರು. ಈ ಹುಡುಗಿಗೆ ಆಗ ಹದಿನೈದು, ನನಗೆ ಹನ್ನೊಂದು. ನಾನು ಅವಳನ್ನು ಅಕ್ಕಯ್ಯ ಎನ್ನುತ್ತಿದ್ದೆ. ಅವಳ ತಂದೆ ಹೆಗ್ಗಡದೇವನಕೋಟೆಯ ಕಡೆ ಕಾಡಿನಲ್ಲಿ ಬಿದಿರು ಕಡಿಯುವ ಕೆಲಸಕ್ಕೆ ಹೋಗಿ, ಚಳಿಜ್ವರ ಹಿಡಿದು ಅಲ್ಲೇ ತೀರಿಕೊಂಡಿದ್ದರು. ಮರುವರ್ಷದ ಮಳೆಗಾಲದಲ್ಲಿ ತಾಯಿ ಹೋದರು. ಅದೇ ಮಳೆಗೆ ಮನೆಯ ಹಿಂಗೋಡೆ ಕುಸಿದು ಮಾಡು ನೆಲಕ್ಕೆ ಕುಳಿತಿತು. ಕೃಷ್ಣರಾಜನಗರದ ಕಡೆಯ ಹೊಸ ಅಗ್ರಹಾರದಿಂದ ಸೋದರಮಾವ ಬಂದು ಕರೆದುಕೊಂಡು ಹೋದವನು ಮೂರು ತಿಂಗಳಿಗೆ ತಂದು ಬಿಟ್ಟ.

ಮಾವನ ಹೆಂಡತಿ ಕೆಟ್ಟವಳು ಎಂದು ಊರು ತೀರ್ಮಾನಿಸಿತು. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಮದುವೆಯಾದ ಮೇಲೆ ಒಮ್ಮೆ ಆ ಕಡೆ ಹೋಗುವ ಪ್ರಸಂಗ ಬಂದಾಗ ಹುಡುಕಿಕೊಂಡು ಹೋಗಿ ಆಕೆಯನ್ನೇ ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ಒಳಗೆ ಕರೆದು ನೆಲ ತೋರಿಸಿದಳು.

“ನೋಡ್ಕೊ ಕಣವ್ವ, ಎಲ್ಡ್ ಅಂಕಣದ ಮನೆ. ಒಂಬತ್ ಜನ ಇದ್ದೋ. ಆ ಮಗ ಬಾಗ್ಲಿಗೆ ಅಡ್ಡ ಮಲಗ್ತಿತ್ತು. ಈಚೆಗೆ ಓಗೋರೆಲ್ಲ ಅದ್ನ ದಾಟ್ಕಂಡೇ ಓಗ್ಬೇಕು. ಒಂದಿನ ನಮ್ಮಾವ ಎಡವಿ ಬಿದ್ರು. ಅವತ್ತೇ ಅದು ಗಂಟ್ ಕಟ್ಕತು. ನಾವ್ ಓಗು ಅನ್ನಿಲ್ಲ. ಇರು ಅನ್ನಾಕೂ ಬಾಯಿ ಬರ್ನಿಲ್ಲ.”

ಆಕೆ ಹೇಳಿದ್ದೆಲ್ಲ ನಿಜವೋ ಅಲ್ಲವೋ ನಾನು ಹೇಳಲಾರೆ. ಆ ನೆಲದ ಅಳತೆ ಮಾತ್ರ ನಿಜ.

ಹುಡುಗಿ ತಿರುಗಿ ಬಂದಾಗ ಊರ ಯಜಮಾನರು ಏಳು ಮನೆಯವರನ್ನು ಕೂಡಿಸಿ ಸರದಿ ಹಾಕಿದರು. ಒಂದೊಂದು ಮನೆಯಲ್ಲಿ ಒಂದೊಂದು ವಾರ. ಮನೆ ಬದಲಾಯಿಸುವ ದಿನ ಸೋಮವಾರ. ಸೋಮವಾರ ಬಸವಣ್ಣನ ದಿನ; ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನೇಗಿಲು ಹೂಡುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಗಂಡಸರು ಮನೆಯಲ್ಲಿರುತ್ತಾರೆ, ಸರದಿ ಬಂದದ್ದು ತಿಳಿಯಲಿಲ್ಲ ಎನ್ನಲು ಯಾರಿಗೂ ಆಗದು ಎಂಬುದು ಯಜಮಾನರ ಯೋಚನೆ. ಹೆಂಗಸರು ಅದಕ್ಕೆ ಇನ್ನೊಂದು ಕಟ್ಟು ಸೇರಿಸಿದರು. ಹಳೆಯ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹೊರಡಬೇಕು. ಹೊಸ ಮನೆಗೆ ದೀಪ ಹಚ್ಚಿದ ಮೇಲೆ ಬರಬೇಕು. ದೀಪದ ಹೊತ್ತಿಗೆ ಹೆಣ್ಣುಮಗಳು ಹೊಸ್ತಿಲು ದಾಟಿ ಒಳಗೆ ಬಂದರೆ ಮನೆಗೆ ಒಳ್ಳೆಯದು ಎಂಬ ನಂಬಿಕೆ. ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ ಆದ ಏರ್ಪಾಡು. ಊಟಕ್ಕೂ ದೀಪಕ್ಕೂ ನಡುವಿನ ನಾಲ್ಕು ಗಂಟೆ ಅವಳು ಯಾರ ಮನೆಯವಳು ಎಂಬುದನ್ನು ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ.

ನಮ್ಮ ಮನೆಯ ವಾರ ಬಂದರೆ ನನಗೆ ಹಬ್ಬ. ಒಂದೇ ಕಂಬಳಿಯಲ್ಲಿ ಇಬ್ಬರೂ ಮಲಗುತ್ತಿದ್ದೆವು. ಕೋಳಿ ಕೂಗುವ ಹೊತ್ತಿಗೆ ನನ್ನ ಪಕ್ಕ ಖಾಲಿಯಾಗಿ, ಒಳಗಿನಿಂದ ಕಲ್ಲು ತಿರುಗುವ ಸದ್ದು ಕೇಳುತ್ತಿತ್ತು. ನಾನು ಕಣ್ಣುಜ್ಜಿಕೊಂಡು ಹೋಗಿ ಎದುರಿಗೆ ಕುಳಿತು ಗೂಟಕ್ಕೆ ಕೈ ಹಾಕುತ್ತಿದ್ದೆ. ಕೈ ನನ್ನದು, ಬಲವೆಲ್ಲ ಅವಳದು. ಆಗ ತಾನೆ ಉದುರಿದ ರಾಗಿಹಿಟ್ಟು ಬೆಚ್ಚಗಿರುತ್ತಿತ್ತು ಎಂದರೆ ಈಗಿನವರು ಗಿರಣಿಯ ಹಿಟ್ಟೂ ಬೆಚ್ಚಗಿರುತ್ತದೆ ಎನ್ನುತ್ತಾರೆ. ಗಿರಣಿಯದು ಸುಡುತ್ತದೆ. ಇದು ಬೆಚ್ಚಗಿರುತ್ತಿತ್ತು, ಈಗಷ್ಟೇ ಮೊಟ್ಟೆಯಿಟ್ಟು ಎದ್ದ ಕೋಳಿಯ ಗೂಡಿನಂತೆ.

ಏಳು ಮನೆಯ ಏಳು ಕಲ್ಲುಗಳ ಗುಣವೂ ಅವಳಿಗೆ ಗೊತ್ತಿತ್ತು.

“ನಿಮ್ ಕಲ್ಲು ವಸಿ ಕುಂಟ್ತದೆ ಕಣಮ್ಮೀ,” ಎನ್ನುವಳು. “ಯಜಮಾನ್ರ ಮನೇದು ಆನೆ. ನಾಕ್ ಸುತ್ತಿಗೇ ರಟ್ಟೆ ಕೇಳ್ತದೆ. ಕೆಳಗ್ಲ ಮನೇದು ಹಲ್ಲಿಲ್ಲದ ಮುದುಕಿ. ರಾಗಿನ ಸುಮ್ಕೆ ಚಪ್ಪರಿಸ್ತದೆ ಅಷ್ಟೆ.”

“ನಿಮ್ಮವ್ವನ ಕಲ್ಲು?”

“ಅದ್ನ ಬುಡು. ಕೈ ಇಟ್ರೆ ಸಾಕು, ಗ್ಯಾನ ಎಲ್ಲೋ ಇದ್ರೂ ತಾನೇ ತಿರುಗ್ತದೆ.”

ಆ ಕಲ್ಲು ಕುಸಿದ ಮನೆಯ ಮೂಲೆಯಲ್ಲಿ ಹೂತಂತೆಯೇ ಉಳಿದಿತ್ತು. ಯಾರೋ ಅದರ ಗೂಟಕ್ಕೆ ಕರು ಕಟ್ಟುತ್ತಿದ್ದರು. ಹುಡುಗರು ಅದರ ಮೇಲೆ ಹುಣಸೆಬೀಜ ಒಡೆಯುತ್ತಿದ್ದರು. ಅವಳು ಪ್ರತಿ ಮನೆಯಲ್ಲೂ ಒಮ್ಮೆ ಕೇಳುತ್ತಿದ್ದಳು, ನಮ್ಮವ್ವನ ಕಲ್ಲನ್ನು ಇಲ್ಲಿಗೆ ತರಲೇ ಎಂದು. ತರೋಣ ಎಂದೇ ಎಲ್ಲರೂ ಹೇಳುತ್ತಿದ್ದರು. ಅವಳು ಬಂದ ಸೋಮವಾರ ಗಾಡಿ ಕಟ್ಟುವಂತಿಲ್ಲ. ಮಂಗಳವಾರದಿಂದ ಹೊಲದ ಕೆಲಸ. ಶನಿವಾರ ನೆನಪಾದರೆ, ನಾಡಿದ್ದು ಹೋಗುವವಳಿಗೆ ಕಲ್ಲೇಕೆ? ಹೀಗೆ ಒಂದು ವರ್ಷದ ಮೇಲೆ ಎರಡು ತಿಂಗಳು ಕಳೆಯಿತು.

ಅವಳ ಗಂಟಿನ ವಿಷಯವನ್ನೂ ಹೇಳಬೇಕು. ತಾಯಿಯ ಹಳೆಯ ಸೀರೆಯ ಅರ್ಧದಲ್ಲಿ ಕಟ್ಟಿದ ಗಂಟು. ನಮ್ಮ ಮನೆಯಲ್ಲಿ ಅದಕ್ಕೆಂದು ಗೋಡೆಯ ಗೂಟವೊಂದನ್ನು ಅವ್ವ ಬಿಟ್ಟುಕೊಟ್ಟಿದ್ದಳು. ಆದರೆ ಅವಳು ಅದನ್ನು ಬಿಚ್ಚುತ್ತಿರಲಿಲ್ಲ. ಬೇಕಾದ ಬಟ್ಟೆಯನ್ನು ಸಂದಿಯಿಂದ ಎಳೆದುಕೊಂಡು, ಒಗೆದು, ಒಣಗಿಸಿ, ಮತ್ತೆ ಅದೇ ಸಂದಿಯಲ್ಲಿ ತುರುಕುವಳು. ಏಕೆಂದು ಕೇಳಿದೆ.

“ಬಿಚ್ಚೋದು ಸಲೀಸು. ಸೋಮವಾರ ಸೋಮವಾರ ಕಟ್ಟೋಳು ನಾನಲ್ವಾ?” ಎಂದಳು. ಗಂಟನ್ನು ಮತ್ತೆ ಗೂಟಕ್ಕೆ ನೇತುಹಾಕುತ್ತಾ, “ಒಂದ್ ಕಲ್ಲು ಊರೋವಷ್ಟು ಜಾಗ ಸಿಕ್ಕುದ್ರೆ ಸಾಕು ಕಣೆ ನಂಗೆ. ಮಲಗೋಕೆ ಅದ್ರ ಪಕ್ಕ ಎಲ್ಲಾರ ಆಯ್ತದೆ,” ಎಂದಳು.

ಏಳು ಮನೆಯವರು ಸಾಕಿದರು ಎಂದು ಸಂಚಿಕೆ ಹೇಳುತ್ತದೆ. ನಮ್ಮ ಸರದಿಗೆ ಹತ್ತು ದಿನ ಇರುವಾಗಲೇ ನಮ್ಮ ಅವ್ವ ರಾಗಿ ಬೀಸುವುದನ್ನು ಕಡಿಮೆ ಮಾಡುತ್ತಿದ್ದಳು. “ಬರೋ ವಾರ ಅವ್ಳು ಬತ್ತಾಳಲ್ಲ, ಬುಡು,” ಎನ್ನುತ್ತಿದ್ದಳು. ನಮ್ಮ ಅವ್ವ ಕೆಟ್ಟವಳಲ್ಲ. ತನ್ನ ಮುದ್ದೆಯನ್ನು ಮುರಿದು ಅವಳ ತಟ್ಟೆಗೆ ಹಾಕಿದ್ದನ್ನು ಕಂಡಿದ್ದೇನೆ. ಆದರೂ ಏಳು ಮನೆಯ ಹಿಟ್ಟನ್ನು ವರ್ಷವಿಡೀ ಬೀಸಿದವಳು ಒಬ್ಬಳು. ಯಾರು ಯಾರನ್ನು ಸಾಕಿದರು ಎಂಬುದನ್ನು ಬರೆಯುವ ಮುನ್ನ ಸಂಚಿಕೆಯವರು ಒಮ್ಮೆ ಯೋಚಿಸಬಹುದಿತ್ತು. ಇನ್ನೊಂದು ಮಾತು. ಅವಳು ನಮ್ಮ ಕುಲದವಳಾದ್ದರಿಂದ ನಮ್ಮ ಅಡುಗೆಮನೆಯ ತನಕ ಬರಬಹುದಿತ್ತು. ಆಚೆ ಕೇರಿಯಲ್ಲಿ ಅದೇ ವರ್ಷ ತಬ್ಬಲಿಗಳಾದ ಅಣ್ಣತಮ್ಮಂದಿರಿಬ್ಬರು ಕೊಡಗಿನ ಕಾಫಿ ತೋಟಕ್ಕೆ ನಡೆದುಹೋದರು. ಅವರಿಗಾಗಿ ಯಾರೂ ಸರದಿ ಹಾಕಲಿಲ್ಲ. ಸಂಚಿಕೆಯಲ್ಲಿ ಅವರ ಸುಳಿವೇ ಇಲ್ಲ. ಊರಿನಲ್ಲಿ ನೆಲೆಯಿಲ್ಲದವರು ಇರಲಿಲ್ಲ ಎಂದು ಬರೆಯುವುದು ಹಾಗೆ ಸುಲಭವಾಯಿತು.

ಆ ವರ್ಷ ಜನಗಣತಿ ಬಂತು. ನಮ್ಮ ಕಡೆ ಅದಕ್ಕೆ ತಲೆ ಲೆಕ್ಕ ಎಂದೇ ಹೆಸರು. ಸಂಕ್ರಾಂತಿ ಕಳೆದು ಶಿವರಾತ್ರಿ ಇನ್ನೂ ಬರಬೇಕಿತ್ತು. ಅವರೆಕಾಯಿಯ ಕೊನೆಯ ದಿನಗಳು. ಬರೆದುಕೊಳ್ಳಲು ಬಂದವರು ಪಕ್ಕದೂರಿನ ಶಾಲೆಯ ಮೇಷ್ಟರು. ಗಂಡಸರೆಲ್ಲ ಸಿಗಲಿ ಎಂದು ಅವರೂ ಸೋಮವಾರವನ್ನೇ ಆರಿಸಿಕೊಂಡು ಸೈಕಲ್ಲಿನಲ್ಲಿ ಬಂದಿದ್ದರು. ನಮ್ಮ ಜಗುಲಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆಯಿರಬಹುದು. ಅವ್ವ ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು.

“ಆ ತಬ್ಬಲಿ ಹುಡುಗಿ ನಿಮ್ಮ ಮನೆಯವಳಾ ತಾಯಿ?” ಎಂದು ಮೇಷ್ಟರು ಕೇಳಿದರು. “ಮೇಲಿನ ಮನೆಯವರು ಮಧ್ಯಾಹ್ನ ಊಟ ಮಾಡಿ ಹೊರಟುಹೋದಳು, ನಮ್ಮಲ್ಲಿಲ್ಲ ಅಂದರು.”

“ದೀಪ ಅಚ್ಚಿದ್ ಮ್ಯಾಲೆ ಬತ್ತಾಳೆ ಕಣ್ರೀ ಮೇಷ್ಟ್ರೆ. ಇನ್ನೂ ಬಂದಿಲ್ವಲ್ಲ. ಬಂದಿಲ್ದೋರ್ನ ಎಂಗ್ ಬರ್ಸಾನ?”

ಮೇಷ್ಟರು ನಗಲು ಹೊರಟವರು ನಗಲಿಲ್ಲ. ಮೇಲಿನ ಮನೆಯವರು ಸುಳ್ಳು ಹೇಳಿರಲಿಲ್ಲ. ನಮ್ಮ ಅವ್ವನೂ ಸುಳ್ಳು ಹೇಳಲಿಲ್ಲ. ಇಬ್ಬರ ನಿಜವನ್ನೂ ಕೂಡಿಸಿದರೆ ಆ ಹುಡುಗಿ ಊರಿನಲ್ಲೇ ಇರಲಿಲ್ಲ.

“ಎಲ್ಲಿದ್ದಾಳೆ, ತೋರಿಸು ಬಾ,” ಎಂದು ನನ್ನನ್ನು ಕರೆದರು.

ನನಗೆ ಗೊತ್ತಿತ್ತು. ಸೋಮವಾರದ ಆ ನಾಲ್ಕು ಗಂಟೆ ಅವಳು ಕುಸಿದ ಮನೆಯಲ್ಲಿ ತಾಯಿಯ ಕಲ್ಲಿನ ಮೇಲೆ ಕುಳಿತಿರುತ್ತಿದ್ದಳು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು. ಆ ದಿನವೂ ಹಾಗೆಯೇ ಇದ್ದಳು. ಮೇಷ್ಟರು ಯಾವ ಮನೆ ಎಂದು ಬರೆಯಲಿ ಎಂದು ಕೇಳಿದಾಗ ಅವಳು ಎದ್ದು ನಿಂತಳು.

“ಯಾವ್ದ್ ಬರ್ಕಂಡ್ರೂ ಮಿಕ್ಕೋರು ಬೇಜಾರ್ ಮಾಡ್ಕತಾರೆ. ನನ್ನ ಬುಟ್ಬುಡಿ ಮೇಷ್ಟ್ರೆ.”

“ಬಿಡೋ ಹಾಗಿಲ್ಲ ಕಣಮ್ಮ. ತಲೆ ಇದೆ. ಮನೆ ಎಲ್ಲಿ ಅಂತ ಕೇಳ್ತಿದ್ದೀನಿ ಅಷ್ಟೆ.”

ಸೋಮವಾರವಾದ್ದರಿಂದ ಜನ ಸೇರಲು ಹೊತ್ತು ಹಿಡಿಯಲಿಲ್ಲ. ಯಜಮಾನರು ಟವೆಲು ಹೆಗಲಿಗೇರಿಸಿಕೊಂಡು ಬಂದರು. “ಏಳೂ ಮನೇಲೂ ಬರ್ಕಳಿ ಮೇಷ್ಟ್ರೆ. ನಮ್ಮೂರ್ ಮಗ ಅದು,” ಎಂದರು. ಹೆಮ್ಮೆಯಿಂದಲೇ ಹೇಳಿದರು.

“ಹಾಗೆ ಬರೆದರೆ ಏಳು ಜನ ಹುಡುಗಿಯರು ಆಗ್ತಾರೆ ಯಜಮಾನರೆ.”

“ಅಂಗಾರೆ ಮನೆಗೊಂದ್ ಏಳ್ನೇ ಭಾಗ ಅಂತ ಬರ್ಕಬುಡಿ,” ಎಂದು ಯಾರೋ ಹಿಂದಿನಿಂದ ಅಂದರು. “ನಮ್ ಪಾಲಿಗೆ ಜಡೆ ಬರ್ಲಿ.” ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನೆನಪು. ಇಲ್ಲವೆಂದು ಬರೆಯುವ ಆಸೆಯಿದೆ, ಆದರೆ ನಕ್ಕೆ. ಅವಳು ಗಂಟಿನ ಗಂಟನ್ನೇ ಬಿಗಿಮಾಡುತ್ತಾ ನಿಂತಿದ್ದಳು.

ಆಗ ಬಂದವರು ಎಲೆ ಹಚ್ಚುವ ಅಜ್ಜಿ. ಬೀದಿಯ ಕೊನೆಯ ಒಂದಂಕಣದ ಮನೆಯಲ್ಲಿ ಒಂಟಿಯಾಗಿದ್ದು, ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೆಣೆದು ಊಟದೆಲೆ ಮಾಡಿ ಹುಣಸೂರಿನ ಸಂತೆಗೆ ಒಯ್ಯುತ್ತಿದ್ದವರು. ಅವರಿಗೆ ಎತ್ತಿಲ್ಲ, ಹೊಲವಿಲ್ಲ ಎಂದು ಸರದಿಗೆ ಅವರನ್ನು ಯಾರೂ ಕೇಳಿರಲಿಲ್ಲ.

“ನನ್ ಮನೇಲಿ ಎಷ್ಟ್ ತಲೆ ಬರ್ಕಂಡ್ರಿ ಮೇಷ್ಟ್ರೆ?”

“ಒಂದು, ಅಜ್ಜಿ.”

“ಎಲ್ಡ್ ಮಾಡಿ.”

“ಹುಡುಗಿ ನಿಮ್ಮ ಮನೆಯಲ್ಲಿ ಇದ್ದಾಳಾ?”

“ಈಗ್ ಬತ್ತಾಳೆ.”

“ಬರಲಿ. ಬಂದ ಮೇಲೆ ಬರೀತೀನಿ,” ಎಂದರು ಮೇಷ್ಟರು. ಹಟಕ್ಕೆ ಅಂದರೋ, ನಿಯಮಕ್ಕೆ ಅಂದರೋ, ಅಥವಾ ಅವರಿಗೆ ಬೇರೇನೋ ಹೊಳೆದಿತ್ತೋ, ನಾನು ತಿಳಿಯೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ನಿಂತರು.

ಯಜಮಾನರ ಮುಖ ಚಿಕ್ಕದಾಯಿತು. “ನಾವ್ ಏಳ್ ಮನೇರು ಸತ್ತಿದ್ದೀವಾ ಅಜ್ಜಿ? ನಿಮ್ಗೇ ಒಂದೊತ್ತಿಗೆ ಇದ್ರೆ ಒಂದೊತ್ತಿಗಿಲ್ಲ.”

“ನಂಗೆ ರಾಗಿಕಲ್ಲಿಲ್ಲ ಯಜಮಾನ್ರೆ. ಎಂಟ್ ದಿನಕ್ಕೊಂದ್ಸಾರಿ ಮೊರ ಎತ್ಕಂಡು ಅವ್ರಿವ್ರ ಮನೆ ಬಾಗ್ಲಲ್ಲಿ ನಿಂತ್ಕತೀನಿ. ಈ ಕೂಸ್ಗೆ ಕಲ್ಲದೆ, ಊರಾಕೆ ಜಾಗ ಇಲ್ಲ. ನಂಗೆ ಜಾಗದೆ. ಇದ್ರಲ್ಲಿ ನಿಮ್ ಮಾನ ಓಗೋದೇನದೆ?”

“ಆಗ್ಲಿ, ಆಗ್ಲಿ. ಇವತ್ ಸೋಮವಾರ. ಎತ್ ಕಟ್ಟಂಗಿಲ್ಲ. ನಾಳೆ ನೋಡಾನ.”

ಆ ‘ನಾಳೆ ನೋಡಾನ’ ಎಂಬ ಮಾತು ಕೇಳಿದಾಗ ಅಕ್ಕಯ್ಯನ ಮುಖವನ್ನು ನಾನು ನೋಡಿದೆ. ಹದಿನಾಲ್ಕು ತಿಂಗಳಿಂದ ಆ ಮಾತನ್ನೇ ಕೇಳಿದವಳ ಮುಖ ಅದು. ಅವಳು ಮೆಲ್ಲಗೆ ಮತ್ತೆ ಕಲ್ಲಿನ ಮೇಲೆ ಕುಳಿತಳು.

“ಸೋಮವಾರ ಇರೋದು ಎತ್ತಿಗೆ,” ಎಂದರು ಅಜ್ಜಿ. “ನಂಗಿಲ್ಲ. ಏಳಮ್ಮೀ, ಉಳ್ಳಿಸ್ಕಂಡೋಗಾನ.”

ನಮ್ಮಣ್ಣ ಮನೆಗೆ ಓಡಿ ಹಾರೆ ತಂದ. ಮೇಲಿನ ಕಲ್ಲನ್ನು ಎತ್ತಿ, ಮಣ್ಣಿನಲ್ಲಿ ಹೂತ ಕೆಳಗಿನದನ್ನು ಮೀಟಿ ತೆಗೆದೆವು. ಎರಡನ್ನೂ ಅಂಚಿನ ಮೇಲೆ ನಿಲ್ಲಿಸಿ, ಗಾಡಿಯ ಚಕ್ರದಂತೆ ಬೀದಿಯಲ್ಲಿ ಉರುಳಿಸಿದೆವು. ಮೇಲಿನ ಕಲ್ಲಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅಕ್ಕಯ್ಯ. ಕೆಳಗಿನದನ್ನು ಅಣ್ಣ ಮತ್ತು ಅಜ್ಜಿ ಹಿಡಿದಿದ್ದರು. ಸ್ವಲ್ಪ ದೂರ ಹೋದ ಮೇಲೆ ಅಜ್ಜಿಯನ್ನು ಸರಿಸಿ ಮೇಷ್ಟರೇ ಕೈ ಹಾಕಿದರು, ಪಂಚೆಗೆಲ್ಲ ಮಣ್ಣಾಯಿತು. ಇಳಿಜಾರಿನಲ್ಲಿ ನಮ್ಮ ಕಲ್ಲು ಕೈ ತಪ್ಪಿ ಕೆಳಗಿನ ಮನೆಯ ತಿಪ್ಪೆಗೆ ನುಗ್ಗಿತು. “ತವರು ನೋಡ್ಕಂಡ್ ಬರ್ತದೆ, ತಡೀರಿ,” ಎಂದು ಅಲ್ಲಿಯ ಸೊಸೆ ನಗುತ್ತಾ ಬಂದು ಎತ್ತಲು ಕೈ ಕೊಟ್ಟಳು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಗಂಡಸರು ನೋಡುತ್ತಿದ್ದರು. ಬೀದಿಯ ಧೂಳಿನಲ್ಲಿ ಎರಡು ಕಲ್ಲುಗಳ ಜಾಡು ಕುಸಿದ ಮನೆಯಿಂದ ಅಜ್ಜಿಯ ಬಾಗಿಲವರೆಗೆ ಹಾವಿನ ಹಾಗೆ ಬಿದ್ದಿತ್ತು.

ಮೂಲೆಯ ನೆಲ ಅಗೆದು ಕಲ್ಲು ಕೂರಿಸಿದ ಮೇಲೆ ಮೇಷ್ಟರು ಹೊಸ್ತಿಲ ಮೇಲೆ ಕುಳಿತು ಒಂದನ್ನು ಎರಡು ಮಾಡಿದರು.

ಸಂಚಿಕೆಯಲ್ಲಿ ಗಾಡಿ ಎಂದಿದೆ. ನಮ್ಮಣ್ಣನೂ ತನ್ನ ಕೊನೆಗಾಲದಲ್ಲಿ ಗಾಡಿ ಎಂದೇ ಹೇಳುತ್ತಿದ್ದ, ಹಾರೆ ತಂದವನೇ ಅವನಾದರೂ. ಕೇಳುತ್ತ ಕೇಳುತ್ತ ನೆನಪೂ ಊರಿನದಾಗಿಬಿಡುತ್ತದೆ. ನನ್ನ ವಾದ ಚಿಕ್ಕದು. ಅಂದು ಸೋಮವಾರ. ಗಾಡಿ ಹೇಗೆ ಕಟ್ಟಿದರು?

ಅಂದು ಸಂಜೆ ಅವ್ವ ಹಿದುಕಿದ ಬೇಳೆ ಸಾರು ಮಾಡಿ, ದೀಪ ಹಚ್ಚಿ, ಬಾಗಿಲ ಕಡೆಗೇ ನೋಡುತ್ತಿದ್ದಳು. ನಮ್ಮ ವಾರವಲ್ಲವೇ? ಅಕ್ಕಯ್ಯ ಬಂದಳು. ಕೈಯಲ್ಲಿ ಗಂಟಿರಲಿಲ್ಲ. ಎರಡು ಕೈಯನ್ನೂ ಏನು ಮಾಡಬೇಕೆಂದು ತಿಳಿಯದವಳಂತೆ ಸೆರಗು ಹಿಡಿದುಕೊಂಡಿದ್ದಳು. ಹೊಟ್ಟೆ ತುಂಬ ಉಂಡಳು. ಉಂಡು ಎದ್ದು, “ಬತ್ತೀನಿ ಚಿಕ್ಕವ್ವ. ಮನೇಲಿ ಅಜ್ಜಿ ಕಾಯ್ತಿರ್ತದೆ,” ಎಂದಳು. ಅವ್ವ ಒಳಗೆ ಹೋಗಿ ಸಾರಿನ ಚೊಂಬು ತಂದು ಕೊಟ್ಟಳು. ಮರುದಿನ ನನ್ನ ಕೈಯಲ್ಲಿ ಒಂದು ಬಳ್ಳ ರಾಗಿ ಕಳಿಸಿದಳು. “ಇನ್ಮೇಲೆ ರಾಗಿ ಅತ್ರಕ್ಕೆ ಅವ್ಳು ಬರೋದ್ ಬ್ಯಾಡ. ಅವ್ಳತ್ರಕ್ಕೆ ರಾಗಿ ಓಗ್ಲಿ,” ಎಂದಳು. ಏಳು ಮನೆಯವರೂ ಕಳಿಸಿದರು ಎಂದು ನಾನು ಬರೆದರೆ ಅದೂ ಸಂಚಿಕೆಯ ಮಾತಾದೀತು. ನಾಲ್ಕು ಮನೆಯವರು ತಪ್ಪದೆ ಕಳಿಸಿದರು, ಇಬ್ಬರು ಮರೆಯುತ್ತಿದ್ದರು, ಒಂದು ಮನೆಯಿಂದ ಹುಳ ಬಿದ್ದ ರಾಗಿ ಬರುತ್ತಿತ್ತು. ಯಜಮಾನರು ಆರು ತಿಂಗಳು ಮುನಿಸಿಕೊಂಡಿದ್ದು, ಆಮೇಲೆ ತಾವೇ ಅಜ್ಜಿಯ ಮಾಡಿಗೆ ಹುಲ್ಲು ಹೊದಿಸಿಕೊಟ್ಟರು. ಅಕ್ಕಯ್ಯ ಎಲೆ ಹಚ್ಚುವುದನ್ನು ಕಲಿತಳು. ಐದಾರು ವರ್ಷದ ಮೇಲೆ ಅದೇ ಹೊಸ್ತಿಲಿನಿಂದ ಪಿರಿಯಾಪಟ್ಟಣದ ಕಡೆಗೆ ಮದುವೆಯಾಗಿ ಹೋದಳು.

ಈಗ ಹುಣಸೂರಿನ ಬಸ್ ನಿಲ್ದಾಣದಲ್ಲಿ ಕುಳಿತಾಗ ನಾನು ಮಕ್ಕಳ ಮುಖ ನೋಡುವುದಿಲ್ಲ, ಚೀಲ ನೋಡುತ್ತೇನೆ. ಕಾಲೇಜಿಗೆ ಹೋಗುವವರ ಚೀಲ ಬೇರೆ. ಇರುವುದನ್ನೆಲ್ಲ ತುಂಬಿಕೊಂಡವರ ಚೀಲ ಬೇರೆ. ನಾಲ್ಕು ದಿನ ಗೆಳತಿಯ ರೂಮು, ಎಂಟು ದಿನ ದೂರದ ನೆಂಟರ ಮನೆ, ಆಮೇಲೆ ಕೆಲಸ ಮಾಡುವ ಅಂಗಡಿಯ ಅಟ್ಟ. ಅವರು ಬೀದಿಯಲ್ಲಿ ಮಲಗುವುದಿಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೇಳಿದರೆ ಎಲ್ಲರೂ ನಿಜವನ್ನೇ ಹೇಳುತ್ತಾರೆ: ನಿನ್ನೆ ಇದ್ದ, ಇನ್ನೇನು ಬರುತ್ತಾನೆ. ಅಂಥವರು ಸಿಕ್ಕರೆ ಊಟವಾಯಿತೇ ಎಂದು ಕೇಳಿ, ಒಳ್ಳೆಯದೇ. ಅದರ ಜೊತೆಗೆ ನಿನ್ನ ಬಟ್ಟೆ ಎಲ್ಲಿಡುತ್ತೀಯೆ ಎಂದು ಕೇಳಿ. ಉತ್ತರ ತಡವಾದರೆ ನಿಮಗೆ ಅರ್ಥವಾಗುತ್ತದೆ. ನಿಮ್ಮಲ್ಲಿ ಒಂದು ಮೂಲೆಯಿದ್ದರೆ ಸೋಮವಾರದ ಮಾತಿಲ್ಲದೆ ಕೊಡಿ. ಇಲ್ಲದಿದ್ದರೆ ಮೂಲೆ ಕೊಟ್ಟವರ ಮನೆಗೆ ರಾಗಿ ಕಳಿಸಿ. ಹಾಗೆ ಕೊಡುವವರು ಬಹಳ ಸಲ ನೀವು ಲೆಕ್ಕಕ್ಕೇ ಹಿಡಿಯದ ಬಡವರಾಗಿರುತ್ತಾರೆ.

ಒಂದನ್ನು ಬಿಟ್ಟೆ. ರಾಗಿ ಕೊಡಲು ಹೋದ ಆ ಮಂಗಳವಾರ ಬೆಳಿಗ್ಗೆ ಅಜ್ಜಿಯ ಮನೆಯೊಳಗೆ ಕಲ್ಲು ತಿರುಗುತ್ತಿತ್ತು. ಅಕ್ಕಯ್ಯ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ, ಅದು ತಾನಾಗಿಯೇ ತಿರುಗುವಂತೆ ಕಂಡಿತು. ಗಂಟೆಲ್ಲಿ ಎಂದು ನಾನು ಗೋಡೆಯ ಗೂಟಗಳನ್ನು ಹುಡುಕಿದೆ. ಬಟ್ಟೆಗಳು ಮಡಿಸಿ ಗೂಡಿನಲ್ಲಿದ್ದವು. ಅವುಗಳನ್ನು ಕಟ್ಟಿದ್ದ ಆ ಅರ್ಧ ಸೀರೆ ಹಿಟ್ಟು ಬೀಳುವುದಕ್ಕೆಂದು ಕಲ್ಲಿನ ಸುತ್ತ ಹಾಸಿತ್ತು.